ಬೆನ್ನಿನ ಮಣ್ಣು

೨ ಫೆಬ್ರವರಿ ೧೯೮೪, ಗುರುವಾರ

ಇವತ್ತೂ ಬಿದ್ದೆ. ಬೆಳಿಗ್ಗೆ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ತೂಕದ ಡ್ಯೂಟಿ, ಸಂಜೆ ಕುಸ್ತಿ ಕಂಪನಿಯಲ್ಲಿ ಬೀಳುವ ಡ್ಯೂಟಿ. ಶಬ್ಬೀರಣ್ಣ ಎತ್ತಿ ಒಗೆಯುತ್ತಾನೆ, ಬೀಳುತ್ತೇನೆ. ಎದ್ದು ನಿಂತರೆ ಮತ್ತೆ ಒಗೆಯುತ್ತಾನೆ.

"ನೆಲಕ್ಕ ಬೀಳಬ್ಯಾಡೋ ತಮ್ಮಾ, ಸಪ್ಪಳಕ್ಕ ಬೀಳು" ಅನ್ನುತ್ತಾನೆ. ಅಂದರೆ ಬೆನ್ನು ತಾಗುವ ಮೊದಲೇ ಅಂಗೈಯಿಂದ ಹಲಗೆಗೆ ಬಡಿಯಬೇಕು. ಢಣ್ ಅನ್ನುತ್ತದೆ. ಹಲಗೆಯ ಕೆಳಗೆ ಖಾಲಿ ಎಣ್ಣೆ ಡಬ್ಬಿಗಳನ್ನು ಇಟ್ಟಿದ್ದಾರೆ, ಸದ್ದು ದೊಡ್ಡದಾಗಲಿ ಅಂತ. ಹಲಗೆಯ ಮೇಲೆ ನೆಲ್ಲುಹುಲ್ಲು, ಗೋಣಿಚೀಲ, ಅದರ ಮೇಲೆ ತಾಡಪತ್ರಿ ಬಿಗಿದಿದ್ದಾರೆ. ಇದಕ್ಕೆ ರಿಂಗ್ ಅಂತ ಹೆಸರು.

ಪಕ್ಕದ ಮರಳಿ ಊರಿನ ಗರಡಿಯಲ್ಲಿ ಓಬಳೆಪ್ಪ ಉಸ್ತಾದರು ಹನ್ನೆರಡು ವರ್ಷ ಕಲಿಸಿದ್ದು ಒಂದೇ ವಿದ್ಯೆ — ಬೀಳಬೇಡ. ಈಗ ಬೀಳುವುದನ್ನು ಕಲಿಯಲು ಪಗಾರ ಕೊಡುತ್ತಿದ್ದಾರೆ. ತಲೆ ಕೆಟ್ಟಿದ್ದು ನನಗೋ ಕಂಪನಿಗೋ ತಿಳಿಯುತ್ತಿಲ್ಲ.

ಶಬ್ಬೀರಣ್ಣ ಪೋಸ್ಟರಿನಲ್ಲಿ 'ಫೌಲಾದ್ ಶಬ್ಬೀರ್', ಅಂದರೆ ಉಕ್ಕಿನ ಶಬ್ಬೀರ, ತುಂಗಭದ್ರಾ ಫ್ರೀಸ್ಟೈಲ್ ಕುಸ್ತಿ ಕಂಪನಿಯ ಚಾಂಪಿಯನ್. ಊರಲ್ಲಿ ಕುಷ್ಟಗಿಯ ಶಬ್ಬೀರಸಾಬ. ನಲವತ್ತು ದಾಟಿದೆ. ಎಡ ಮೊಣಕಾಲು ಕಟಕಟ ಅನ್ನುತ್ತದೆ. ನನ್ನನ್ನು ಒಗೆಯುವಾಗ ಪೆಟ್ಟಾಗದಿರಲಿ ಅಂತ ಕುತ್ತಿಗೆಯ ಕೆಳಗೆ ಕೈ ಕೊಡುತ್ತಾನೆ. ಪ್ರಾಕ್ಟೀಸ್ ಮುಗಿದ ಮೇಲೆ ಸ್ಟೋವ್ ಹಚ್ಚಿ ಚಹಾ ಮಾಡಿಕೊಡುತ್ತಾನೆ. ಇಂಥ ಎದುರಾಳಿಯನ್ನು ಎಲ್ಲೂ ಕಂಡಿಲ್ಲ.

ಉಸ್ತಾದರಿಗೆ ಹೇಳಿಯೇ ಸೇರಿದ್ದೇನೆ. ಕಂಪನಿ ಕುಸ್ತಿ ಅಂದೆ. ಅವರಿಗೆ ಗೊತ್ತಿರುವ ಕುಸ್ತಿ ಒಂದೇ. "ಛಲೋ ಆತು, ಗರಡಿ ಹೆಸರು ಉಳಿಸು" ಅಂದು ಹಣೆಗೆ ಮಣ್ಣು ಹಚ್ಚಿ ಕಳಿಸಿದರು.

೯ ಫೆಬ್ರವರಿ, ಗುರುವಾರ

ಪೋಸ್ಟರ್ ಬಂದಿದೆ. ಹಳದಿ ಹಾಳೆ, ಕೆಂಪು ಅಕ್ಷರ. 'ಮರಳಿ ಗರಡಿಯ ಹುಲಿ ವಿರುಪಣ್ಣ'. ಹುಲಿಯ ಚಿತ್ರ ನನ್ನ ಚಿತ್ರಕ್ಕಿಂತ ದೊಡ್ಡದು. ಅಕ್ಕ ಹಂಪವ್ವ ಒಂದನ್ನು ತಂದು ಅಡಿಗೆಮನೆಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದ್ದಾಳೆ. ಅವಳ ಮನೆಯಲ್ಲೇ ಇರುತ್ತೇನೆ, ಬೇಡ ಅನ್ನುವ ಹಾಗಿಲ್ಲ.

ಸಂಜೆ ಮ್ಯಾನೇಜರ್ ಕೋಟೇಶ್ವರರಾವ್ ಕರೆದರು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು, ಯಾವಾಗಲೂ ಬೂಟು, ಕೈಯಲ್ಲಿ ಸಿಗರೇಟ್. ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹೇಳಿದರು. ಕೊಪ್ಪಳ, ಗೆಲುವು. ಯಲಬುರ್ಗಾ, ಗೆಲುವು. ಕುಷ್ಟಗಿ, ಸೋಲು. ಕೊನೆಗೆ ಗಂಗಾವತಿ, ಚಾಂಪಿಯನ್‌ಶಿಪ್, 'ತುಂಗಭದ್ರಾ ಕೇಸರಿ' ಬೆಲ್ಟು. ಅದೂ ಸೋಲು.

ಯಾರ ಗೆಲುವು, ಯಾರ ಸೋಲು ಅಂತ ಕೇಳಿದೆ. "ನಿಂದೇನಯ್ಯಾ" ಅಂದರು.

ಬೀಳುವ ಪ್ರಾಕ್ಟೀಸು ಪೆಟ್ಟಾಗದಿರಲಿ ಅಂತ ಅಂದುಕೊಂಡಿದ್ದೆ. ಕುಸ್ತಿ ಮಾತ್ರ ಕುಸ್ತಿಯೇ ಅಂದುಕೊಂಡಿದ್ದೆ.

"ಕುಷ್ಟಗ್ಯಾಗ ಯಾಕ್ರಿ ಸೋಲ್ಬೇಕು?"

"ಅದು ಶಬ್ಬೀರ್ ಊರಯ್ಯಾ. ಊರ ಮುಂದೆ ಅವನ ಮರ್ಯಾದೆ ಹೋಗಬಾರದು."

"ಹಂಗಾದ್ರ ಗಂಗಾವತಿ ನನ್ನೂರಲ್ಲೇನ್ರಿ?"

"ಅದಕ್ಕೇನೇ! ನೀನು ಸೋತರೆ ಜನಕ್ಕೆ ಸಿಟ್ಟು ಬರುತ್ತೆ. ಸಿಟ್ಟು ಬಂದರೆ ಮುಂದಿನ ಸಲ ಮತ್ತೆ ಬರ್ತಾರೆ."

ಹಿಂಗೆ ಒಳಗೊಳಗೇ ಮಾತಾಡಿಕೊಂಡು ಹಿಡಿಯುವುದಕ್ಕೆ ನಮ್ಮ ಕಡೆ ನೂರಾ ಕುಸ್ತಿ ಅನ್ನುತ್ತಾರೆ. ನೂರಾ ಹಿಡಿದವನನ್ನು ಗರಡಿಯ ಹೊಸ್ತಿಲು ದಾಟಿಸುವುದಿಲ್ಲ. ಕೆಲಸ ಬಿಡಬೇಕಿತ್ತು. ಬಿಡಲಿಲ್ಲ. ಪೋಸ್ಟರಿನಲ್ಲಿ ನನ್ನ ಹೆಸರು ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ಮನೆಗೆ ಬರುತ್ತ ದಾರಿಯಲ್ಲಿ ಒಂದು ವಿಚಾರ ಹೊಳೆಯಿತು. ಸೋಲು ಅಂದರೆ ಏನು? ಬೆನ್ನಿಗೆ ಮಣ್ಣು ಹತ್ತುವುದು. ರಿಂಗಿನಲ್ಲಿ ಮಣ್ಣೇ ಇಲ್ಲ! ತಾಡಪತ್ರಿ. ಬೆನ್ನಿಗೆ ತಾಡಪತ್ರಿ ಹತ್ತಿದರೆ ಅದು ಸೋಲು ಹೇಗಾದೀತು? ಮನಸ್ಸು ಹಗುರಾಯಿತು. ಹೊಟ್ಟೆ ತುಂಬ ಉಂಡೆ.

೧೩ ಫೆಬ್ರವರಿ, ಸೋಮವಾರ

ನಿನ್ನೆ ಕೊಪ್ಪಳ. ಗೆದ್ದೆ. ಅಂದರೆ, ಗೆದ್ದದ್ದು ಹೌದು… ಎದುರಿನವನು ಬೀಳುವ ಮೊದಲು ಕಣ್ಣು ಮಿಟುಕಿಸಿದ. ನಾನೂ ತಿರುಗಿ ಮಿಟುಕಿಸಿದೆ. ಮಿಟುಕಿಸಬಾರದಂತೆ. ಮ್ಯಾನೇಜರ್ ಬೈದರು.

೨೦ ಫೆಬ್ರವರಿ, ಸೋಮವಾರ. ಯಲಬುರ್ಗಾದಿಂದ ಬಸ್ಸಿನಲ್ಲಿ ಬಂದು

ನಿನ್ನೆ ಮುಸುಕಿನ ಪೈಲ್ವಾನನನ್ನು ಮಣಿಸಿದೆ. ಮುಸುಕಿನೊಳಗೆ ಇದ್ದದ್ದು ಕಂಪನಿಯ ಅಡಿಗೆಯವ ಯಂಕೋಬ. ಮಧ್ಯಾಹ್ನ ನನಗೆ ಎರಡನೇ ಸಲ ಸಾರು ಬಡಿಸಿದವನೇ ಸಂಜೆ ನನ್ನ ಕಣ್ಣಿಗೆ ಖಾರ ಎರಚುವವನ ಹಾಗೆ ಮಾಡಿದ. ಜನ ಎದ್ದು ನಿಂತು ಬೈದರು. ಮುಂದಿನ ಕುರ್ಚಿಯಲ್ಲಿದ್ದ ತಾಲೂಕು ಕಚೇರಿಯ ಗುಮಾಸ್ತರೊಬ್ಬರು ಚಪ್ಪಲಿ ಕಳಚಿ ಹಿಡಿದಿದ್ದರು. ಎತ್ತಿ ಒಗೆದೆ. ಯಂಕೋಬ ಭಾರಿ ಚೆನ್ನಾಗಿ ಬಿದ್ದ, ಢಣ್!

ಜನ ನನ್ನನ್ನು ಹೆಗಲ ಮೇಲೆ ಹೊತ್ತರು. ಬಸ್ ಸ್ಟ್ಯಾಂಡಿನ ತನಕ ಹೊತ್ತರು. ಆಗ ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಬಾರದು, ಕಣ್ಣಲ್ಲಿ ನೀರೇ ಬಂತು. ಕೊಟ್ಟ ಗೆಲುವು. ಗೊತ್ತಿದ್ದ ಗೆಲುವು. ಅದಕ್ಕೆ ಇಷ್ಟು ಖುಷಿ ಯಾಕೆ? ಮರಳಿಯಲ್ಲಿ ನಿಜವಾಗಿ ಗೆದ್ದು ಬೆಳ್ಳಿ ಕಡಗ ಹಾಕಿಸಿಕೊಂಡ ದಿನವೂ ಇಷ್ಟು ಆಗಿರಲಿಲ್ಲ.

ರಾತ್ರಿ ಊಟಕ್ಕೆ ಯಂಕೋಬ ಅನ್ನ ಸೀಯಿಸಿದ್ದ. ಅವನ ಸಿಟ್ಟು ನಿಜದ್ದೋ ಮುಸುಕಿನದೋ ಗೊತ್ತಾಗಲಿಲ್ಲ.

೬ ಮಾರ್ಚ್, ಮಂಗಳವಾರ

ಬರೆಯಬಾರದು ಅಂತ ಎರಡು ದಿನ ಬಿಟ್ಟೆ.

ಕುಷ್ಟಗಿಯಲ್ಲಿ ಸೋತೆ. ಹೇಳಿದ ಹೊತ್ತಿಗೆ, ಹೇಳಿದ ಮೂಲೆಯಲ್ಲಿ, ಹೇಳಿದ ಹಾಗೆ. ಶಬ್ಬೀರಣ್ಣ ಕುತ್ತಿಗೆಗೆ ಕೈ ಕೊಟ್ಟ. ಅಂಗೈ ಬಡಿದೆ. ರೆಫರಿ ಮೂರು ಎಣಿಸಿದ. ಕುಷ್ಟಗಿಯ ಜನ ಕುಣಿದರು. ಒಬ್ಬ ಮುದುಕ ಕೂಗಿದ, "ಮರಳಿ ಗರಡಿ ಚಿತ್ತಾತಲೇ!"

ನನ್ನ ಹೆಸರು ಕೂಗಿದ್ದರೆ ಏನೂ ಅನ್ನಿಸುತ್ತಿರಲಿಲ್ಲ. ಗರಡಿಯ ಹೆಸರು ಕೂಗಿದ. ತಪ್ಪು ಅವನದಲ್ಲ, ಪೋಸ್ಟರಿನಲ್ಲಿ ಹಾಗೇ ಇದೆ. ಡ್ರೆಸ್ ಬದಲಿಸುವ ಡೇರೆಯೊಳಗೆ ಬಂದು ಅತ್ತುಬಿಟ್ಟೆ. ಶಬ್ಬೀರಣ್ಣ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ.

"ಯಾಕ ಅಳ್ತೀದಿ? ನೀ ಸೋತಿಲ್ಲ ತಮ್ಮಾ. ಸೋತಂಗ ಮಾಡೀದಿ."

"ಹಂಗಾದ್ರ ಯಲಬುರ್ಗಾದಾಗ ಗೆದ್ದಂಗ ಮಾಡಿದ್ನೇನು?"

"ಹ್ಞೂಂ ಮತ್ತ."

"ಈಗ ಅಳೂದು?"

ಅವನು ಎಣ್ಣೆಯ ಕೈ ಹಾಗೇ ನಿಲ್ಲಿಸಿ ಯೋಚನೆ ಮಾಡಿದ. "ಅದು ನಂಗೂ ತಿಳಿವಲ್ದು" ಅಂದ.

೭ ಮಾರ್ಚ್, ಬುಧವಾರ

ಅಕ್ಕ ಮಿಲ್ಲಿನಲ್ಲಿ ನುಚ್ಚು ಕೇರುವ ಹೆಂಗಸರ ಜೊತೆ ಜಗಳ ಮಾಡಿಕೊಂಡು ಬಂದಿದ್ದಾಳೆ. ಅವರು ಯಾರೋ "ನಿನ್ನ ತಮ್ಮ ಹುಲಿ ಅಲ್ಲ, ಬೆಕ್ಕು" ಅಂದರಂತೆ. ಇವಳು ಮೊರ ಎತ್ತಿಕೊಂಡು ಹೋಗಿದ್ದಾಳೆ. ಕೇಳಲಾಗಲಿಲ್ಲ. ನಿಜ ಹೇಳಿಬಿಟ್ಟೆ. ಅಕ್ಕಾ, ಗೆಲ್ಲುವುದು ಸೋಲುವುದು ಎಲ್ಲ ಮೊದಲೇ ಮಾತಾಗಿರುತ್ತದೆ, ನನ್ನ ಕೈಲಿ ಏನೂ ಇಲ್ಲ ಅಂದೆ.

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಮೊದಲ ಮಾತಾಡಿಕೊಳ್ಳೂದಾದ್ರ, ಗೆಲ್ಲೂದು ಮಾತಾಡಿಕೊಳ್ಳಾಕ ಏನಾಗಿತ್ತೋ ನಿನಗ?"



೯ ಮಾರ್ಚ್, ಶುಕ್ರವಾರ

ಉಸ್ತಾದರು ಬಂದಿದ್ದರು! ಮಿಲ್ಲಿನಿಂದ ಬಂದರೆ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಒಂದು ತಂಬಿಗೆ ಎಮ್ಮೆಹಾಲು. ಮರಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದಂತೆ. ಕುಷ್ಟಗಿಯ ಸುದ್ದಿ ಮುಟ್ಟಿದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವೈದ್ಯರ ಹಾಗೆ ಪರೀಕ್ಷೆ ಶುರು ಮಾಡಿದರು. ತೋಳು ಹಿಚುಕಿದರು. ಕಣ್ಣಿನ ರೆಪ್ಪೆ ಎಳೆದರು. ನಾಲಿಗೆ ಚಾಚು ಅಂದರು.

"ಉಣ್ಣೂದು?"

"ಸರಿ ಐತ್ರಿ."

"ನಿದ್ದಿ?"

"ಸರಿ ಐತ್ರಿ."

"ಲಂಗೋಟಿ ಗಟ್ಟಿ ಐತೇನು?"

ಅಕ್ಕ ಒಳಗಿನಿಂದ ಕೆಮ್ಮಿದಳು. ಗಟ್ಟಿ ಐತ್ರಿ ಅಂದೆ. ಖರೆ? ಅಂದರು. ಹನುಮಪ್ಪನ ಆಣೆ ಅಂದೆ. ಅದು ಸತ್ಯವೇ. ಇಪ್ಪತ್ತಾರು ವರ್ಷಕ್ಕೂ ಗಟ್ಟಿಯೇ ಇದೆ.

ಆಮೇಲೆ "ತಿರುಗು" ಅಂದರು. ಅಂಗಿ ಎತ್ತಿ ಬೆನ್ನಿನ ಮೇಲೆ ಅಂಗೈ ಇಟ್ಟರು. ಯಾಕೆ ಅಂತ ನನಗೆ ಗೊತ್ತು. ನಮ್ಮ ಗರಡಿಯ ಪದ್ಧತಿ. ಸೋತು ಬಂದವನು ಮೈ ತೊಳೆಯುವ ಹಾಗಿಲ್ಲ. ಬೆನ್ನಿನ ಮಣ್ಣನ್ನು ಉಸ್ತಾದರೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಒರೆಸಿದರೆ ಆ ಸೋಲು ಮುಗಿಯಿತು. ಮುಂದೆ ಯಾರೂ ಅದರ ಮಾತು ಎತ್ತಬಾರದು. ಒರೆಸುವ ತನಕ ಅವನು ಗರಡಿಯ ಒಳಗೆ ಕಾಲಿಡುವ ಹಾಗಿಲ್ಲ. ನನಗೆ ಹದಿನೇಳು ವರ್ಷವಿದ್ದಾಗ ಕೊಪ್ಪಳದಲ್ಲಿ ಸೋತು ಬಂದಿದ್ದೆ. ಆಗ ಒರೆಸಿದ್ದರು. ಆ ತಂಪು ಇನ್ನೂ ನೆನಪಿದೆ.

ಉಸ್ತಾದರ ಕೈ ಬೆನ್ನಿನ ಮೇಲೆ ಆಚೆ ಈಚೆ ಆಡಿತು.

"ಇಲ್ಲಿ ಮಣ್ಣ ಇಲ್ಲಲ್ಲೋ."

"ಅಲ್ಲಿ ತಾಡಪತ್ರಿ ಇರ್ತೈತ್ರಿ. ಹಲಗಿ ಮ್ಯಾಲ."

"ಹಲಗಿ ಮ್ಯಾಲ ಕುಸ್ತಿ?" ಅಂದರು. ಅಂಗಿ ಇಳಿಸಿದರು. "ಅದಕ್ಕ ಸೋತಿ. ಕಾಲಿಗೆ ಮಣ್ಣ ಸಿಗದಿದ್ರ ಹೆಂಗ ನಿಂತೀ? ಸೋತದ್ದಿರಲಿ, ಮಣ್ಣಿಲ್ಲದ ಬೆನ್ನು ನಾ ಹೆಂಗ ಒರಸ್ಲಿ? ಈ ಸೋಲು ಹಂಗ ಉಳೀತಲ್ಲೋ ವಿರುಪ್ಯಾ."

ಈಗ ಹೇಳಬೇಕು ಅಂದುಕೊಂಡೆ. ಉಸ್ತಾದ್, ಅದು ಸೋಲೇ ಅಲ್ಲ. ಬಾಯಿ ತೆರೆದೆ. ಅಲ್ಲ ಅಂದರೆ ಮತ್ತೇನು ಅಂತ ಕೇಳುತ್ತಾರೆ. ಮಾತಾಡಿಕೊಂಡದ್ದು ಅನ್ನಬೇಕು. ಹಾಗಂದರೆ ನೂರಾ. ಬಾಯಿ ಮುಚ್ಚಿದೆ. ಅವರು ಹಾಲಿನ ತಂಬಿಗೆ ಮುಂದೆ ತಳ್ಳಿದರು. ಕುಡಿದೆ. ಎಮ್ಮೆಹಾಲು ಇಷ್ಟು ಕಹಿಯಾಗಿ ಎಂದೂ ಇರಲಿಲ್ಲ.

ಹೋಗುವಾಗ ಹೇಳಿ ಹೋದರು. ಗಂಗಾವತಿಯ ಕುಸ್ತಿಗೆ ತಾವೇ ಗರಡಿಯ ಮಣ್ಣು ತರುತ್ತಾರಂತೆ. ಒಂದು ಚೀಲ. ಆ ಹಲಗೆಯ ಮೇಲೆ ಹರಡುತ್ತಾರಂತೆ.

ನನ್ನ ವಿಚಾರಕ್ಕೆ ಇದ್ದ ಒಂದೇ ಒಂದು ಆಧಾರ ಅಂದರೆ ರಿಂಗಿನಲ್ಲಿ ಮಣ್ಣಿಲ್ಲ ಅನ್ನುವುದು.

೧೨ ಮಾರ್ಚ್, ಸೋಮವಾರ

ಮ್ಯಾನೇಜರ್ ಬೇಡ ಅನ್ನುತ್ತಾರೆ ಅಂತ ಆಸೆ ಇತ್ತು. ಉಸ್ತಾದರು ಮಣ್ಣು ತರುತ್ತಾರಂತ್ರಿ, ತಾಡಪತ್ರಿ ಹಾಳಾಗುತ್ತದ್ರಿ ಅಂದೆ. ಕೋಟೇಶ್ವರರಾವ್ ಸಿಗರೇಟ್ ಬಾಯಿಂದ ತೆಗೆದರು. ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. "ಏಮಯ್ಯಾ ವಿರುಪಣ್ಣಾ! ಇಷ್ಟು ದಿನ ಈ ಐಡಿಯಾ ಎಲ್ಲಿ ಇಟ್ಟಿದ್ದೆ?"

ಹೊಸ ಪೋಸ್ಟರಿಗೆ ಆರ್ಡರ್ ಹೋಗಿದೆ. 'ಮರಳಿ ಗರಡಿಯ ಪವಿತ್ರ ಮಣ್ಣಿನ ಮೇಲೆ ಸೇಡಿನ ಸಮರ'. ಸೋಲು ಮಾತ್ರ ನನ್ನದೇ. ಒಂಬತ್ತನೇ ನಿಮಿಷಕ್ಕೆ.

ಶಬ್ಬೀರಣ್ಣನಿಗೆ ಹೇಳಿದರೆ ಮೊದಲು ಬಿದ್ದು ಬಿದ್ದು ನಕ್ಕ. ಆಮೇಲೆ ನಗು ನಿಂತಿತು. ಅವನೂ ಹುಡುಗನಾಗಿದ್ದಾಗ ಕುಷ್ಟಗಿಯ ಗರಡಿಯಲ್ಲಿ ಬೆಳೆದವನಂತೆ. ನನಗೆ ಗೊತ್ತೇ ಇರಲಿಲ್ಲ.

"ಖರೇನ ಮಣ್ಣ ಹಾಕ್ತಾರೇನು? ಹದಾ ಮಾಡಿದ್ದು?"

"ಅರಿಷಿಣ, ಎಣ್ಣಿ, ಮಜ್ಜಿಗಿ, ಎಲ್ಲಾ ಹಾಕಿ ಹದಾ ಮಾಡಿದ್ದು."

ಚಹಾ ಉಕ್ಕಿ ಸ್ಟೋವ್ ಆರಿಹೋಯಿತು. ನೋಡಲಿಲ್ಲ ಅವನು.

"ಬ್ಯಾಡಾಗಿತ್ತು ಬಿಡೋ" ಅಂದ. ಯಾಕೆ ಅಂದರೆ ಸ್ಟೋವ್ ಒರೆಸತೊಡಗಿದ.

೨೪ ಮಾರ್ಚ್, ಶನಿವಾರ

ನಾಳೆ. ಆಟೋದಲ್ಲಿ ಮೈಕ್ ಕಟ್ಟಿಕೊಂಡು ಊರೆಲ್ಲ ಕೂಗುತ್ತಿದ್ದಾರೆ. ಮಿಲ್ಲಿನಲ್ಲಿ ಎರಡು ಸಲ ತೂಕ ತಪ್ಪಿದೆ. ಸಾಹುಕಾರರು, "ಹುಲಿಗೆ ಜ್ವರ ಬಂದಾವೇನು?" ಅಂದರು.

ಎರಡೇ ದಾರಿ. ಮಾತಿನಂತೆ ಸೋತರೆ ಉಸ್ತಾದರ ಮಣ್ಣಿನ ಮೇಲೆ ಸುಳ್ಳು ಸೋಲು ಸೋತಂತೆ. ಅವರು ಅದನ್ನು ನಿಜ ಅಂತ ತಿಳಿದು ಒರೆಸುತ್ತಾರೆ. ಅದನ್ನು ನಾನು ಹೇಗೆ ಒರೆಸಿಕೊಳ್ಳಲಿ? ಗೆದ್ದರೆ ಶಬ್ಬೀರಣ್ಣನಿಗೆ ಮೋಸ. ಅವನ ಬೆಲ್ಟು ಹೋಗುತ್ತದೆ. ಮುಂದೆ ಬಳ್ಳಾರಿ, ಆದೋನಿ ಎಲ್ಲ ಕಡೆ ಅವನ ಹೆಸರಿನ ಪೋಸ್ಟರ್ ಅಂಟಿಸಿದ್ದಾರೆ. ಕುತ್ತಿಗೆಗೆ ಕೈ ಕೊಟ್ಟವನ ಕುತ್ತಿಗೆ ಕೊಯ್ದಂತೆ.

ಮೂರನೇ ದಾರಿ ಜ್ವರ. ಜ್ವರ ಬರುತ್ತಿಲ್ಲ. ಮುಟ್ಟಿ ಮುಟ್ಟಿ ನೋಡಿಕೊಂಡೆ.

೨೬ ಮಾರ್ಚ್, ಸೋಮವಾರ

ಮಿಲ್ಲಿಗೆ ಹೋಗಿಲ್ಲ. ಬೋರಲು ಮಲಗಿ ಬರೆಯುತ್ತಿದ್ದೇನೆ. ಬೆನ್ನು ನೆಲಕ್ಕೆ ತಾಗಿಸುವ ಹಾಗಿಲ್ಲ. ಆದದ್ದನ್ನು ಆದ ಹಾಗೆ ಬರೆದರೆ ತಿಳಿದೀತೇನೋ, ನೋಡೋಣ.

ನಿನ್ನೆ ಸಂಜೆ. ಜನವೋ ಜನ. ಉಸ್ತಾದರು ಚೀಲವನ್ನು ತಾವೇ ಹೊತ್ತುಕೊಂಡು ಬಂದರು. ಬಿಳಿ ಧೋತರ, ಹಳದಿ ರುಮಾಲು. ಮ್ಯಾನೇಜರ್ ಕುರ್ಚಿ ಕೊಟ್ಟರೆ ಒಲ್ಲೆ ಅಂದು ರಿಂಗಿನ ಪಕ್ಕ ನೆಲದ ಮೇಲೆ ಕೂತರು. ಮೊದಲಿನ ಕುಸ್ತಿಗಳನ್ನೆಲ್ಲ ನೋಡಿದರು. ಯಂಕೋಬ ಮುಸುಕು ಹಾಕಿಕೊಂಡು ಹಗ್ಗದ ಮೇಲಿಂದ ಹಾರಿದ. ಢಣ್ ಢಣ್ ಸದ್ದು. ಉಸ್ತಾದರ ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಏರಿತು. ಆಮೇಲೆ ಇಳಿಯಿತು. ಇಳಿದ ಹುಬ್ಬು ಮತ್ತೆ ಏರಲಿಲ್ಲ. ತಿಳಿಯಿತು ಅವರಿಗೆ. ಅರವತ್ತು ವರ್ಷ ಮಣ್ಣಿನಲ್ಲಿ ಇದ್ದವರಿಗೆ ತಿಳಿಯದೆ ಇರುತ್ತದೆಯೇ? ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ.

ನಮ್ಮ ಸರದಿ ಬಂತು. ಮೈಕಿನಲ್ಲಿ ಮ್ಯಾನೇಜರ್ "ಪವಿತ್ರ ಮಣ್ಣು! ಪವಿತ್ರ ಮಣ್ಣು!" ಅಂತ ಕೂಗುತ್ತಿದ್ದರು. ಉಸ್ತಾದರು ಚೀಲ ಹೊತ್ತು ಮೇಲೆ ಹತ್ತಿದರು. ಮೊದಲು ಮ್ಯಾನೇಜರರ ಕಾಲು ನೋಡಿ, "ಬೂಟ ಕಳೀರಿ ಸಾಹೇಬ್ರ" ಅಂದರು. ಮೈಕ್ ಹಿಡಿದುಕೊಂಡೇ ಮ್ಯಾನೇಜರ್ ಒಂಟಿಗಾಲಲ್ಲಿ ನಿಂತು ಬೂಟು ಬಿಚ್ಚಿದರು. ಜನ ನಕ್ಕರು.

ಉಸ್ತಾದರು ನಗಲಿಲ್ಲ. ಚೀಲ ಸುರಿದರು. ಮಂಡಿಯೂರಿ ಎರಡೂ ಅಂಗೈಯಿಂದ ಹರಡಿದರು. ನಿಂಬೆಹಣ್ಣು ಹಿಂಡಿದರು. ಮಣ್ಣಿನ ವಾಸನೆ ಎದ್ದಿತು. ಗರಡಿಯ ವಾಸನೆ, ಎಣ್ಣೆ, ಹುಳಿಮಜ್ಜಿಗೆ…

ನನ್ನ ಕಡೆ ನೋಡಲೇ ಇಲ್ಲ. ಶಬ್ಬೀರಣ್ಣನನ್ನು ಕೇಳಿದರು, "ಯಾವ ಗರಡಿಯಾವಪಾ ನೀನು?"

"ಕುಷ್ಟಗೀದ್ರಿ. ಈಗ ಅಲ್ಲಿ ಗರಡಿ ಇಲ್ರಿ. ಶೇಂಗಾದ ಗೋದಾಮ ಆಗೇತ್ರಿ."

"ಆಗಲಿ. ಕಲಿತಾವ ನೀ ಅದೀಯಲ್ಲ. ಇಬ್ರೂ ಮುಟ್ರಿ."

ಮುಟ್ಟಿದೆವು. ಹಣೆಗೆ ಹಚ್ಚಿಕೊಂಡೆವು. ಶಬ್ಬೀರಣ್ಣ ಬಗ್ಗಿದವನು ಎಷ್ಟು ಹೊತ್ತಾದರೂ ಏಳಲೇ ಇಲ್ಲ. ಎದ್ದಾಗ ಅವನ ಮುಖ ಬೇರೆ ಇತ್ತು. ಪೋಸ್ಟರಿನ ಮುಖವೂ ಅಲ್ಲ, ಚಹಾ ಮಾಡುವ ಮುಖವೂ ಅಲ್ಲ.

ಕೈಗೆ ಕೈ ಕೂಡಿಸಿದೆವು. ಕಿವಿಯ ಹತ್ತಿರ ಕೇಳಿದೆ, "ಶಬ್ಬೀರಣ್ಣ, ಏನ ಮಾಡೂಣು?"

"ನಂಗೂ ತಿಳಿವಲ್ದು. ಹಿಡಿ, ನೋಡೂಣು."

ಹಿಡಿದೆ. ಅವನು ಹಿಡಿದ. ಆ ಹಿಡಿತ ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ನನ್ನನ್ನು ಹಿಡಿದದ್ದು ಈ ಕೈ ಅಲ್ಲ. ಆಗಲೇ ನಿರ್ಧಾರ ಮಾಡಿಬಿಟ್ಟೆ. ಮಾತು ಹೋಗಲಿ, ಪಗಾರ ಹೋಗಲಿ, ಸೋಲುವುದಿಲ್ಲ. ಗೆಲ್ಲುತ್ತೇನೆ.

ಹಣೆಗೆ ಹಣೆ ಕೊಟ್ಟು ನಿಂತೆವು. ಅವನು ತಳ್ಳಿದರೆ ನಾನು ಒಂದು ಹೆಜ್ಜೆ, ನಾನು ತಳ್ಳಿದರೆ ಅವನು ಒಂದು ಹೆಜ್ಜೆ. ಅಷ್ಟೇ. ಬಹಳ ಹೊತ್ತು ಅಷ್ಟೇ. ಒಂಬತ್ತನೇ ನಿಮಿಷಕ್ಕೆ ರೆಫರಿ ಸೀಟಿ ಊದಿ ಸನ್ನೆ ಮಾಡಿದ. ಯಾರೂ ನೋಡಲಿಲ್ಲ. ಮತ್ತೆ ಊದಿದ. ಜನಕ್ಕೆ ಬೇಸರ ಬಂತು. ಮೊದಲು ಸಿಳ್ಳೆ, ಆಮೇಲೆ ಶೇಂಗಾ ಸಿಪ್ಪೆ ತೂರಿ ಬಂದವು.

"ಇದೇನ್ ಕುಸ್ತೀನೋ ಅಪ್ಪಿಕೊಳ್ಳೂದೋ? ಎತ್ತಿ ಒಗಿಯಲೇ!"

"ನೂರಾ ಕುಸ್ತಿ! ನೂರಾ ಕುಸ್ತಿ! ರೊಕ್ಕಾ ವಾಪಸ್ ಕೊಡ್ರಿ!"

ಕೇಳಿಸಿತು. ನಗು ಬರಬೇಕಿತ್ತು. ಉಸಿರು ಬಿಡಲಿಕ್ಕೇ ಪುರಸೊತ್ತಿರಲಿಲ್ಲ.

ಆಗ ಅವನ ಎಡ ಮೊಣಕಾಲು ಕೈಗೆ ಸಿಕ್ಕಿತು. ಆ ಕಟಕಟ ಅನ್ನುವ ಕಾಲು. ದಿನಾ ಎಣ್ಣೆ ತಿಕ್ಕುವುದನ್ನು ನೋಡಿದ್ದೇನೆ. ಬಿಡಬೇಕಿತ್ತೇನೋ. ಬಿಡಲಿಲ್ಲ. ಹಿಡಿದು ತಿರುವಿದೆ. ಅವನ ಬಾಯಿಂದ "ಯಾ ಅಲ್ಲಾ" ಅಂತ ಬಂತು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ನನ್ನ ತೋಳು ಅವನ ಹೆಗಲ ಮೇಲಿತ್ತು, ಅವನು ಕೆಳಗೆ ಸರಿದಿದ್ದ, ಅಗಸ ಬಟ್ಟೆ ಒಗೆಯುವಂತೆ ತಲೆಯ ಮೇಲಿಂದ ಎಳೆದು ಒಗೆದ. ಈ ಸಲ ಕುತ್ತಿಗೆಗೆ ಕೈ ಕೊಡಲಿಲ್ಲ. ನಾನೂ ಅಂಗೈ ಬಡಿಯಲಿಲ್ಲ, ಮರೆತೇ ಹೋಗಿತ್ತು. ಸದ್ದು ಬರಲಿಲ್ಲ. ಹಲಗೆಯ ಕೆಳಗಿನ ಡಬ್ಬಿಗಳು ಸುಮ್ಮನಿದ್ದವು.

ಮಣ್ಣು ಬೆನ್ನಿಗೆ ತಣ್ಣಗೆ ಹತ್ತಿತು. ಕಣ್ಣೆದುರು ಟ್ಯೂಬ್‌ಲೈಟು, ಅದರ ಸುತ್ತ ಹುಳ. ಚಿತ್ ಆಗಿದ್ದೆ.

ಜನ ಬೈಯುತ್ತ ಎದ್ದು ಹೊರಟರು. ಅವರಿಗೆ ಇದು ಸುಳ್ಳು ಕುಸ್ತಿ. ಉಸ್ತಾದರು ಒಬ್ಬರೇ ಎದ್ದು ನಿಂತು ತೊಡೆ ತಟ್ಟಿ "ಭಲೇ!" ಅಂದರು. ಮೇಲೆ ಬಂದರು. ತಮ್ಮ ರುಮಾಲು ಬಿಚ್ಚಿ ಶಬ್ಬೀರಣ್ಣನ ತಲೆಗೆ ಸುತ್ತಿದರು. ಅವನು ಕುಂಟುತ್ತ ಅವರ ಕಾಲಿಗೆ ಬಿದ್ದ. ಕೋಟೇಶ್ವರರಾವ್ ಬೆಲ್ಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಅದನ್ನು ಯಾರಿಗೂ ಕಟ್ಟುವುದು ನೆನಪಾಗಲಿಲ್ಲ.

ಆಮೇಲೆ ಉಸ್ತಾದರು ಮಣ್ಣು ಬಳಿದು ಚೀಲಕ್ಕೆ ತುಂಬತೊಡಗಿದರು. ಸಹಾಯಕ್ಕೆ ಹೋದೆ.

"ನೀ ಮುಟ್ಟಬ್ಯಾಡ."

ನಿಂತೆ. ತುಂಬಿ ಬಾಯಿ ಕಟ್ಟಿದ ಮೇಲೆ ಒಂದೇ ಮಾತು ಕೇಳಿದರು, "ಕುಷ್ಟಗ್ಯಾಗೂ ಹಿಂಗ ಹಿಡಿದಿದ್ದೇನು?"

ಕಾಲಿಗೆ ಅಂಟಿದ್ದ ಮಣ್ಣನ್ನೇ ನೋಡಿದೆ. ಅವರು ಚೀಲ ಹೊತ್ತು ಮರಳಿಯ ಬಸ್ಸಿಗೆ ಹೋದರು. ಒರೆಸಲಿಲ್ಲ.

೨೭ ಮಾರ್ಚ್, ಮಂಗಳವಾರ

ಮೈ ತೊಳೆದಿಲ್ಲ. ಅಕ್ಕ ಎರಡು ಸಲ ನೀರು ಕಾಯಿಸಿ ಇಟ್ಟಳು. ಮುಖ, ಕೈಕಾಲು ತೊಳೆದೆ. ಬೆನ್ನು ಬಿಟ್ಟೆ. ಒಣಗಿ ಬಿಗಿಯುತ್ತಿದೆ.

"ಈ ಸಲಾನೂ ಮಾತಾಡಿಕೊಂಡಿದ್ರೇನು?" ಅಂತ ಕೇಳಿದಳು.

ಹೌದು ಅನ್ನಲೋ ಇಲ್ಲ ಅನ್ನಲೋ. ಸೋಲಲಿಕ್ಕೆ ಮಾತಾಗಿತ್ತು. ಗೆಲ್ಲಲಿಕ್ಕೆ ಹಿಡಿದೆ. ಸೋತೆ. ಹಾಗಾದರೆ ಮಾತು ಉಳಿಸಿಕೊಂಡೆನೋ ಮುರಿದೆನೋ? ಅಕ್ಕನಿಗೆ ಹೀಗೇ ಹೇಳಿದೆ. ಅವಳು ಹಣೆ ಮುಟ್ಟಿ ನೋಡಿದಳು. ಈಗ ಜ್ವರ ಇದೆಯಂತೆ!

ಕಂಪನಿಯ ಕೋಣೆಗೆ ಹೋಗಿದ್ದೆ. ಮ್ಯಾನೇಜರ್ ಕೂಗಾಡುತ್ತಿದ್ದರು. ಇಂಥ ನೂರಾ ಕುಸ್ತಿ ಹಿಡಿಯುವವರು ನನ್ನ ಕಂಪನಿಗೆ ಬೇಡ, ನಾಳೆಯಿಂದ ಬರಬೇಡ ಅಂದರು. ಸರಿ ಅಂದೆ.

ಶಬ್ಬೀರಣ್ಣನ ಮೊಣಕಾಲು ಊದಿದೆ. ಊರಿಗೆ ಹೋಗಿ ತಿಕ್ಕಿಸಿಕೊಳ್ಳುತ್ತಾನಂತೆ. ಹಳದಿ ರುಮಾಲು ಬಿಚ್ಚಿಲ್ಲ, ಅದನ್ನು ಸುತ್ತಿಕೊಂಡೇ ಮಲಗಿದ್ದ.

"ಕಾಲು ಹಿಡಿದದ್ದು ತಪ್ಪಾತೇನು ಶಬ್ಬೀರಣ್ಣ?"

"ಹುಚ್ಚಾ. ಹದಿನೈದು ವರ್ಷದಾಗ ನನ್ನ ಕಾಲು ಖರೇನ ಹಿಡಿದಾವ ನೀ ಒಬ್ಬಾವ" ಅಂದ. ನಕ್ಕ. ನಗುವಾಗ ನೋವಾಗಿ ಮುಖ ಕಿವುಚಿದ. ಕುಷ್ಟಗಿ ಬಸ್ಸಿಗೆ ಹತ್ತಿಸಿ ಬಂದೆ. ಅವನನ್ನು ಬಿಟ್ಟು ಬಂದದ್ದಕ್ಕೆ ಸಂಕಟವಾಯಿತು, ಬಹಳ.

೨೮ ಮಾರ್ಚ್, ಬುಧವಾರ. ಮರಳಿ, ಗರಡಿಯ ಹೊರಗಿನ ಕಟ್ಟೆ

ಬೆಳಗಿನ ಬಸ್ಸಿಗೆ ಬಂದೆ. ಪಕ್ಕದಲ್ಲಿ ಕೂತಿದ್ದವನು ಮೂಗು ಮುಚ್ಚಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದ.

ಉಸ್ತಾದರು ಒಳಗೆ ಸಲಿಕೆಯಿಂದ ಮಣ್ಣು ತಿರುವುತ್ತಿದ್ದರು. ಗಂಗಾವತಿಗೆ ಹೋಗಿ ಬಂದ ಮಣ್ಣನ್ನು ಇದ್ದ ಮಣ್ಣಿಗೆ ಕೂಡಿಸುತ್ತಿದ್ದರು. ಹೊಸ್ತಿಲ ಹೊರಗೇ ನಿಂತೆ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಹೇಳಿಬಿಟ್ಟೆ. ಪೋಸ್ಟರ್, ಕ್ಯಾಲೆಂಡರ್, ಯಂಕೋಬನ ಮುಸುಕು, ಕುಷ್ಟಗಿ, ಎಲ್ಲ. ಸಲಿಕೆ ನಿಲ್ಲಲಿಲ್ಲ.

"ಪಗಾರ ತಗೊಂಡು ಬಿದ್ದಿ."

"ಹೌದ್ರಿ."

"ಮತ್ತ ಗಂಗಾವತೀದು?"

"ಅದೂ ಬೀಳೂದಂತನ ಮಾತಾಗಿತ್ರಿ. ಆದ್ರ ಬಿದ್ದದ್ದು… ಗೆಲ್ಲಾಕ ಹೋಗಿ ಬಿದ್ದೆರಿ ಉಸ್ತಾದ್."

ಈಗ ಸಲಿಕೆ ನಿಂತಿತು. ಅವರು ಅದರ ಹಿಡಿಯ ಮೇಲೆ ಗಲ್ಲ ಊರಿ ನಿಂತರು. ನನ್ನನ್ನು ನೋಡಿದರು, ಮಣ್ಣನ್ನು ನೋಡಿದರು. ಅವರಿಗೂ ತಿಳಿಯಲಿಲ್ಲ ಅನ್ನಿಸಿತು. ಉಸ್ತಾದರಿಗೆ ತಿಳಿಯದ್ದು ಒಂದು ಇರುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಸಲಿಕೆ ಗೋಡೆಗಿಟ್ಟು ನನ್ನ ಪಕ್ಕದಿಂದಲೇ ಹಿಂದಿನ ಬಾವಿಯ ಕಡೆ ಹೋದರು.

ಒಳಗೆ ಹೋಗುವ ಹಾಗಿಲ್ಲ. ವಾಪಸ್ ಹೋಗಲು ಮನಸ್ಸಿಲ್ಲ. ಚೀಲದಲ್ಲಿ ಡೈರಿ ಇತ್ತು, ತೆಗೆದು ಬರೆಯುತ್ತ ಕೂತಿದ್ದೇನೆ. ಕುಷ್ಟಗಿಯ ಸೋಲಿಗೆ ಮಣ್ಣಿಲ್ಲ. ಗಂಗಾವತಿಯ ಮಣ್ಣು ಬೆನ್ನಿನ ಮೇಲಿದೆ. ಒರೆಸಿದರೆ ಯಾವುದನ್ನು ಒರೆಸಿದಂತೆ? ಒರೆಸದಿದ್ದರೆ ನಾನು ಯಾವ ಗರಡಿಯವನು?

ಬಾವಿಯ ಗಾಲಿ ಕಿರ್ ಅಂದಿತು. ಕೊಡ ಇಳಿಸುತ್ತಿದ್ದಾರೆ. ಸ್ನಾನಕ್ಕಿರಬೇಕು. ಅವರ ಸ್ನಾನದ ಹೊತ್ತು ಇದಲ್ಲ…

ಬಟ್ಟೆ ಹಿಂಡಿದ ಸದ್ದು. ಹೆಜ್ಜೆ. ತಲೆ ಎತ್ತುವ ಧೈರ್ಯ ಇಲ್ಲ, ಬರೆಯುತ್ತಲೇ ಇದ್ದೇನೆ. ಹಿಂದೆ ಬಂದು ನಿಂತರು. ಅಂಗಿ ಎತ್ತಿದರು. ತಣ್ಣ…